ಹದಿನಾರು ವರ್ಷದ ಲೈಸೆನ್ಸು

ಮೈಸೂರಿನಿಂದ ಹಾಸನದ ಕಡೆಗೆ ಹೊರಟ ಬಸ್ಸು ಕೃಷ್ಣರಾಜನಗರವನ್ನು ಹಿಂದಿಕ್ಕಿ ಹೊಳೆನರಸೀಪುರದ ದಿಕ್ಕಿಗೆ ಓಡುವಾಗ ದಾರಿಯಲ್ಲಿ ಭೇರ್ಯವೆಂಬ ಊರು ಸಿಕ್ಕುತ್ತದೆ. ಕಾವೇರಿಯ ನಾಲೆಗಳು ಹರಿಯುವ, ಭತ್ತದ ಕಣಜವೆಂದು ಹೆಸರು ಪಡೆದ ಸೀಮೆ ಅದು. ಬೆಳಗಿನ ಹೊತ್ತು ಅಲ್ಲಿಯ ರಸ್ತೆಯ ಅಂಚಿನಲ್ಲಿ ಹತ್ತು ನಿಮಿಷ ನಿಂತು ನೋಡಿದವರಿಗೆ, ಆ ಸೀಮೆಯ ಸಂಸಾರವೆಲ್ಲ ಎರಡು ಪುಟ್ಟ ಚಕ್ರಗಳ ಮೇಲೆಯೇ ನಡೆಯುತ್ತಿದೆಯೋ ಎಂಬ ಭಾವನೆ ಬಾರದಿರದು. ಎರಡು ಪಕ್ಕಕ್ಕೂ ಹಾಲಿನ ಕ್ಯಾನು ತೂಗುಹಾಕಿಕೊಂಡ ಗಾಡಿ ಒಂದು. ಹಸುರು ಹುಲ್ಲಿನ ಹೊರೆಯ ನಡುವೆ ಸವಾರನ ತಲೆ ಮಾತ್ರ ಕಾಣಿಸುವ ಗಾಡಿ ಇನ್ನೊಂದು. ಮುಂದೆ ರಸಗೊಬ್ಬರದ ಮೂಟೆ, ಹಿಂದೆ ಮಡದಿ, ಅವಳ ಮಡಿಲಲ್ಲಿ ಮಗು, ಹೀಗೆ ಸಕುಟುಂಬವಾಗಿ ಸಾಗುವ ಗಾಡಿ ಮತ್ತೊಂದು. ಪಟ್ಟಣದವರು ಇದನ್ನು ಮೊಪೆಡ್ ಎನ್ನುತ್ತಾರೆ. ಹಳ್ಳಿಯವರಿಗೆ ಅದು 'ಎಕ್ಸೆಲ್ಲು'. ಇನ್ನೂ ಹಿರಿಯರಿಗಾದರೆ 'ಟೀವಿಯೆಸ್ಸು'.

ಮಧ್ಯಾಹ್ನದ ಹೊತ್ತಿಗೆ ಗಾಡಿ ಮನೆಯ ಜಗಲಿಯ ಬಳಿ ನೆರಳಿಗೆ ಬರುತ್ತದೆ. ಅದರ ಕೀಲಿಕೈ ನಡುಮನೆಯ ಗೋಡೆಯ ಮೊಳೆಗೆ ಏರುತ್ತದೆ. ಆ ಮೊಳೆಯ ಕೆಳಗೆ, ಮೀಸೆ ಇನ್ನೂ ಮೂಡಬೇಕೋ ಬೇಡವೋ ಎಂದು ಯೋಚಿಸುತ್ತಿರುವ ವಯಸ್ಸಿನ ಹುಡುಗನೊಬ್ಬ ದಿನಕ್ಕೆ ಹತ್ತು ಸಲ ಹಾದುಹೋಗುತ್ತಾನೆ. ಇಂಥ ಮೊಳೆ, ಇಂಥ ಕೀಲಿಕೈ, ಇಂಥ ಹುಡುಗ ಇಲ್ಲದ ಮನೆ ಆ ಸೀಮೆಯಲ್ಲಿ ವಿರಳ. ಹೈಸ್ಕೂಲು ಮುಗಿಸಿ ಕೃಷ್ಣರಾಜನಗರದ ಜೂನಿಯರ್ ಕಾಲೇಜಿಗೆ ಸೇರಿದ ಮಗನ ಬಾಯಿಂದ ಹೊರಡುವ ಮಾತೂ ಎಲ್ಲ ಮನೆಗಳಲ್ಲಿ ಒಂದೇ: "ನನಗೆ ಹದಿನಾರು ತುಂಬಿತಲ್ಲ, ಲೈಸೆನ್ಸು ಮಾಡಿಸಿಕೊಡಿ."

ಹುಡುಗನ ಮಾತು ಪೂರ್ತಿ ಸುಳ್ಳಲ್ಲ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದಲ್ಲಿ ಅವನ ಪಕ್ಷಕ್ಕೆ ಒಂದು ವಾಕ್ಯವುಂಟು. ಹದಿನೆಂಟು ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ನಡೆಸಕೂಡದು ಎಂದು ನಾಲ್ಕನೆಯ ಪ್ರಕರಣ ಗಂಭೀರವಾಗಿ ಆರಂಭಿಸಿ, ಒಡನೆಯೇ ಸ್ವಲ್ಪ ಮೆತ್ತಗಾಗುತ್ತದೆ. ೫೦ ಸಿ.ಸಿ.ಗೆ ಮೀರದ ಎಂಜಿನ್ನುಳ್ಳ ಮೋಟಾರು ಸೈಕಲ್ಲನ್ನು ಹದಿನಾರು ತುಂಬಿದವರು ನಡೆಸಬಹುದು ಎಂಬುದು ಆ ವಿನಾಯಿತಿ. ಏಳನೆಯ ಪ್ರಕರಣ ಇನ್ನೊಂದು ನಿಬಂಧನೆಯನ್ನು ಸೇರಿಸುತ್ತದೆ. ಹದಿನೆಂಟಾಗದವರಿಗೆ ಗೇರಿಲ್ಲದ ಮೋಟಾರು ಸೈಕಲ್ಲಿನ ಕಲಿಕಾ ಲೈಸೆನ್ಸು ಬೇಕಾದರೆ ಅವರ ಪಾಲನೆಯ ಹೊಣೆ ಹೊತ್ತವರು ಬರೆವಣಿಗೆಯಲ್ಲಿ ಒಪ್ಪಿಗೆ ಕೊಡಬೇಕು. ಮಗಳ ಮದುವೆಯ ಲಗ್ನಪತ್ರಿಕೆಗೆ ಸಹಿ ಮಾಡುವಾಗ ನಡುಗದ ತಂದೆಯ ಕೈ ಈ ಕಾಗದದ ಮೇಲೆ ನಡುಗಿದರೆ ಆಶ್ಚರ್ಯವಿಲ್ಲ.

ಭೇರ್ಯದವರಿಗೆ ಲೈಸೆನ್ಸಿನ ಕಚೇರಿ ಲಕ್ಷ್ಮಣತೀರ್ಥದ ದಂಡೆಯ ಹುಣಸೂರಿನಲ್ಲಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ವಾಹನಗಳೆಲ್ಲ 'ಕೆ.ಎ. ೪೫' ಎಂಬ ಒಂದೇ ಕುಲನಾಮವನ್ನು ಹಣೆಯ ಮೇಲೆ ಹೊತ್ತು ತಿರುಗುವುದು ಆ ಕಚೇರಿಯ ಕೃಪೆಯಿಂದ. ಅರ್ಜಿ ಈಗ ಕಂಪ್ಯೂಟರಿನ ಮೂಲಕ ಹೋಗುತ್ತದೆ. ರಸ್ತೆಯ ಚಿಹ್ನೆಗಳನ್ನು ಕುರಿತ ಪ್ರಶ್ನೆಗಳಿಗೆ ಉತ್ತರಿಸಿದವರಿಗೆ ಆರು ತಿಂಗಳು ಬಾಳುವ ಕಲಿಕಾ ಲೈಸೆನ್ಸು ಬರುತ್ತದೆ. ಬಿಳಿಯ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರವನ್ನು ಅಂಟಿಸಿಕೊಂಡು ಕನಿಷ್ಠ ಮೂವತ್ತು ದಿನ ಕಲಿತ ಮೇಲೆ, ನೆಲದ ಮೇಲೆ ಗೆರೆ ಎಳೆದ ಎಂಟರ ಅಂಕಿಯ ಹಾದಿಯಲ್ಲಿ ಕಾಲೂರದೆ ಗಾಡಿ ಹೊರಳಿಸಿ ತೋರಿಸಬೇಕು. ಎಮ್ಮೆಯ ಬೆನ್ನೇರಿ ಕೆರೆ ದಾಟಿದ ಹುಡುಗನಿಗೆ ಇದೊಂದು ಕಷ್ಟವೇ?

ಕಷ್ಟ ಬೇರೆ ಕಡೆ ಇದೆ. ಯಾವ ಬಗೆಯ ವಾಹನಕ್ಕೆ ಲೈಸೆನ್ಸು ಬೇಡುತ್ತಾರೋ ಅದೇ ಬಗೆಯ ವಾಹನದಲ್ಲಿ ಪರೀಕ್ಷೆ ಕೊಡಬೇಕೆಂಬುದು ಕಾನೂನಿನ ಕಟ್ಟಳೆ. ಎಂದರೆ ಹುಡುಗ ೫೦ ಸಿ.ಸಿ.ಯ ಗಾಡಿಯೊಂದನ್ನು ಹುಣಸೂರಿಗೆ ತರಬೇಕು. ಗೋಡೆಯ ಮೊಳೆಯಲ್ಲಿ ತೂಗುವ ಕೀಲಿಕೈ ಯಾವ ಗಾಡಿಯದೋ ಆ ಗಾಡಿಯ ಎಂಜಿನ್ನು ೯೯.೭ ಸಿ.ಸಿ. ಪಕ್ಕದ ಮನೆಯದೂ ಅಷ್ಟೆ. ಇಡೀ ಊರಿನದೂ ಬಹುಮಟ್ಟಿಗೆ ಅಷ್ಟೆ. ಪೆಟ್ರೋಲಿನಿಂದ ಓಡುವ ೫೦ ಸಿ.ಸಿ.ಯ ಮೊಪೆಡ್ಡು ಭಾರತದ ಅಂಗಡಿಗಳಿಂದ ಮರೆಯಾಗಿ ವರ್ಷಗಳೇ ಸಂದಿವೆ. ಬಾಗಿಲನ್ನು ತೆರೆದಿಟ್ಟು, ಒಳಗಿನ ಕೋಣೆಯನ್ನೇ ಕಿತ್ತುಕೊಂಡು ಹೋದಂತಾಗಿದೆ ಹದಿನಾರು ವರ್ಷದವರ ಈ ಲೈಸೆನ್ಸು.

ಈ ವಿಚಿತ್ರ ಹೇಗೆ ಸಂಭವಿಸಿತೆಂಬುದು ತಿಳಿಯಬೇಕಾದರೆ ಆ ಪುಟ್ಟ ಗಾಡಿಯ ವಂಶಾವಳಿಯನ್ನು ಸ್ವಲ್ಪ ನೋಡಬೇಕು. ಎರಡನೆಯ ಮಹಾಯುದ್ಧದಿಂದ ಬಸವಳಿದ ಐರೋಪ್ಯ ದೇಶಗಳಲ್ಲಿ ಕಾರು ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಕೆಲಸಕ್ಕೆ ಹೋಗದೆ ಗತಿಯಿರಲಿಲ್ಲ. ಸೈಕಲ್ಲಿಗೆ ಒಂದು ಪುಟ್ಟ ಎಂಜಿನ್ನನ್ನು ಕಟ್ಟಿ ಓಡಿಸುವ ಉಪಾಯ ಆಗ ಬಳಕೆಗೆ ಬಂತು. ಫ್ರಾನ್ಸಿನಲ್ಲಿ ೧೯೪೬ರಿಂದ ಮಾರಾಟವಾದ 'ಸೋಲೆಕ್ಸ್' ಗಾಡಿಯಲ್ಲಿ ಎಂಜಿನ್ನು ಮುಂದಿನ ಚಕ್ರದ ಮೇಲೆಯೇ ಕುಳಿತಿರುತ್ತಿತ್ತು. ಒಂದು ಉರುಳೆ ಟೈರನ್ನು ಒತ್ತಿ ತಿರುಗಿಸುತ್ತಿತ್ತು. 'ಮೊಪೆಡ್' ಎಂಬ ಹೆಸರು ಹುಟ್ಟಿದ್ದು ೧೯೫೨ರಲ್ಲಿ, ಸ್ವೀಡನ್ನಿನಲ್ಲಿ. ಮೋಟಾರು ಎಂಬುದರ ತಲೆಯನ್ನೂ ಪೆಡಲು ಎಂಬುದರ ಮೈಯನ್ನೂ ಸೇರಿಸಿ ಒಬ್ಬ ಪತ್ರಕರ್ತ ಈ ಸಮಾಸವನ್ನು ಕಟ್ಟಿದ. ವೈಯಾಕರಣರು ಇದನ್ನು ಯಾವ ಸಮಾಸವೆನ್ನುವರೋ! ಗಾಡಿಯಂತೂ ದ್ವಂದ್ವವೇ ಸರಿ. ಪೆಡಲು ತುಳಿದು ಎಂಜಿನ್ನನ್ನು ಎಚ್ಚರಿಸಬೇಕು. ಎಂಜಿನ್ನು ಮುನಿಸಿಕೊಂಡರೆ ಪೆಡಲು ತುಳಿದೇ ಮನೆ ಸೇರಬೇಕು.

ಭಾರತಕ್ಕೆ ಇದು ಬೇರೂರಿ ಬಂದದ್ದು ೧೯೭೨ರಲ್ಲಿ. ಪುಣೆಯ ಕೈನೆಟಿಕ್ ಕಂಪನಿ ಇಟಲಿಯ ಪಿಯಾಜಿಯೋ ಗಾಡಿಯೊಂದರ ಮಾದರಿಯಲ್ಲಿ 'ಲೂನಾ'ವನ್ನು ತಯಾರಿಸಿತು. ಶಾಲಾ ಮಾಸ್ತರು, ಬ್ಯಾಂಕಿನ ಗುಮಾಸ್ತೆ, ಕಾಲೇಜಿನ ಹುಡುಗಿ, ಎಲ್ಲರಿಗೂ ಅದು ಒಗ್ಗಿತು. ೧೯೮೦ರಲ್ಲಿ ಬೆಂಗಳೂರಿಗೆ ಕೂಗಳತೆಯಲ್ಲಿರುವ ಹೊಸೂರಿನಿಂದ 'ಟಿ.ವಿ.ಎಸ್. ೫೦' ಹೊರಬಿತ್ತು. ಇಬ್ಬರು ಕೂರಬಹುದಾದ ಮೊಪೆಡ್ಡು ಅದು. ಇಬ್ಬರಿಗೆಂದು ಕಂಪನಿ ಹೇಳಿದ್ದನ್ನು ನಮ್ಮ ಜನ ಇಬ್ಬರು ಮತ್ತು ಒಂದು ಮೂಟೆ ಎಂದು ಅರ್ಥಮಾಡಿಕೊಂಡರು. ಮೈಸೂರಿನವರಿಗೆ ಎರಡು ಚಕ್ರದ ಗಾಡಿಗಳ ಹುಚ್ಚು ಹೊಸತೇನೂ ಆಗಿರಲಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯದ ಸಹಕಾರದಿಂದ ೧೯೬೧ರಲ್ಲಿ ಜಾವಾ ಗಾಡಿಗಳನ್ನು ಹೊರತರಲಾರಂಭಿಸಿ, ೧೯೭೩ರಿಂದ ಅವಕ್ಕೆ ಯೆಜ್ಡಿ ಎಂದು ಹೆಸರಿಟ್ಟು, ೧೯೯೬ರಲ್ಲಿ ಬಾಗಿಲು ಹಾಕುವವರೆಗೂ ಊರಿನ ಹೆಮ್ಮೆಯಾಗಿತ್ತು. ದೂರದ ದೇಶಗಳಿಗೂ ಅಲ್ಲಿಯ ಗಾಡಿಗಳು ಹಡಗೇರಿದವು. ಮೈಸೂರಿನ ಗಾಡಿ ಹೀಗೆ ಪರದೇಶದ ರಸ್ತೆಗಳನ್ನು ಕಂಡಿತು. ಮೈಸೂರು ಸೀಮೆಯ ಹುಡುಗ ಕಾಣಬೇಕಾದರೆ ಏನೇನು ಬೇಕೆಂಬುದನ್ನು ಮುಂದೆ ನೋಡೋಣ.

ಅಧಿನಿಯಮದಲ್ಲಿ ೫೦ ಸಿ.ಸಿ. ಎಂಬ ಅಂಕಿ ಸೇರುವ ಹೊತ್ತಿಗೆ ಆ ಅಳತೆಯ ಗಾಡಿಗಳು ಬೀದಿ ಬೀದಿಯಲ್ಲಿದ್ದವು. ಶಾಸನಕರ್ತರು ಕಣ್ಣೆದುರಿನ ವಸ್ತುವನ್ನು ನೋಡಿಯೇ ಆ ಅಂಕಿಯನ್ನು ಬರೆದರೆನ್ನಬೇಕು. ಆದರೆ ವಸ್ತು ನಿಂತಲ್ಲಿ ನಿಲ್ಲಲಿಲ್ಲ. ಮೊಪೆಡ್ಡನ್ನು ಕೊಳ್ಳುತ್ತಿದ್ದವನು ಯುರೋಪಿನಲ್ಲಿದ್ದಂತೆ ಶಾಲೆಯ ಹುಡುಗನಲ್ಲ. ಹೊಲಕ್ಕೆ ಗೊಬ್ಬರ ಒಯ್ಯುವ ರೈತ, ಸಂತೆಗೆ ತರಕಾರಿ ಒಯ್ಯುವ ವ್ಯಾಪಾರಿ. ಅವನಿಗೆ ಬೇಕಾದದ್ದು ಹೊರೆ ಎಳೆಯುವ ಶಕ್ತಿ. ಎಂಜಿನ್ನು ಬೆಳೆದು ೬೯.೯ ಸಿ.ಸಿ. ಆಯಿತು. ಬಳಿಕ ಹೊಗೆಯ ಮೇಲಿನ ನಿರ್ಬಂಧಗಳು ಬಿಗಿಯಾದವು. ಎಣ್ಣೆ ಬೆರೆಸಿದ ಪೆಟ್ರೋಲನ್ನು ಉರಿಸಿ ನೀಲಿ ಹೊಗೆ ಬಿಡುತ್ತಿದ್ದ ಎರಡು ಹೊಡೆತದ ಎಂಜಿನ್ನಿಗೆ ಉಳಿಗಾಲವಿಲ್ಲದೆ ನಾಲ್ಕು ಹೊಡೆತದ ಎಂಜಿನ್ನು ಬಂತು. ಅದೇ ಗಾತ್ರದಲ್ಲಿ ಅದಕ್ಕೆ ಕಸುವು ಕಡಿಮೆಯಾದ್ದರಿಂದ ಗಾತ್ರವನ್ನು ಮತ್ತೆ ಹಿಗ್ಗಿಸಬೇಕಾಯಿತು. ೨೦೧೫ರಲ್ಲಿ ಬಂದ 'ಎಕ್ಸೆಲ್ ೧೦೦' ಹೀಗೆ ಹುಟ್ಟಿದ್ದು. ೨೦೨೦ರ ಏಪ್ರಿಲ್ ಒಂದರಂದು ಭಾರತ್ ೬ ಎಂಬ ಹೊಸ ಮಾನದಂಡ ಜಾರಿಗೆ ಬಂದ ಮೇಲೆ ಹಳೆಯ ಬಗೆಯ ಸಣ್ಣ ಎಂಜಿನ್ನುಗಳ ಮಾತೇ ಮುಗಿಯಿತು. ಹೊಗೆಯ ಕಾನೂನನ್ನು ತಿದ್ದಿದವರಿಗೆ ವಯಸ್ಸಿನ ಕಾನೂನಿನ ನೆನಪಾಗಲಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆ ತೀರ ವಿರುದ್ಧವಾದ ನಾಟಕ ನಡೆಯಿತು. ಅಲ್ಲಿ ಹದಿನಾರು ವರ್ಷದವರು ದೊಡ್ಡ ಮೋಟಾರು ಸೈಕಲ್ಲುಗಳನ್ನೇ ಏರಿ ಸಾಯುತ್ತಿದ್ದುದನ್ನು ಕಂಡು ಸರ್ಕಾರ ೧೯೭೧ರ ಡಿಸೆಂಬರಿನಲ್ಲಿ, ಅವರಿಗೆ ಇನ್ನು ೫೦ ಸಿ.ಸಿ.ಯ ಪೆಡಲುಳ್ಳ ಮೊಪೆಡ್ಡೇ ಗತಿ ಎಂದು ವಿಧಿಸಿತು. ತಯಾರಕರು ಸುಮ್ಮನಿದ್ದಾರೆಯೇ? ನೋಡಲು ಪಂದ್ಯದ ಗಾಡಿಯಂತಿದ್ದು, ನೆಪಕ್ಕೆ ಮಾತ್ರ ಎರಡು ಪೆಡಲು ಸಿಕ್ಕಿಸಿಕೊಂಡ ಮೊಪೆಡ್ಡುಗಳು ಮಾರುಕಟ್ಟೆಗೆ ಬಂದವು. ಜಪಾನಿನ ಯಮಾಹಾ ಕಂಪನಿಯ ಒಂದು ಮಾದರಿ ಆ ಪೀಳಿಗೆಯ ಹುಡುಗರ ಕನಸಿನ ಕುದುರೆಯಾಯಿತು. ೧೯೭೭ರಲ್ಲಿ ಸರ್ಕಾರ ಪೆಡಲಿನ ಹಂಗನ್ನು ಬಿಟ್ಟು ವೇಗಕ್ಕೇ ಮಿತಿ ಹಾಕಬೇಕಾಯಿತು. ಅಲ್ಲಿ ಕಾನೂನಿನ ಅಳತೆಗೆ ತಕ್ಕಂತೆ ಗಾಡಿ ಹುಟ್ಟಿತು. ಇಲ್ಲಿ ಗಾಡಿ ಬೆಳೆದು ಕಾನೂನಿನ ಅಳತೆಯನ್ನು ದಾಟಿ ಹೋಯಿತು. ಮಧ್ಯೆ ನಿಂತವನು ಭೇರ್ಯದ ಹುಡುಗ.

ನಿಂತವನು ನಿಂತೇ ಇರುವುದಿಲ್ಲವಲ್ಲ. ಬಸ್ಸು ತಪ್ಪಿದ ದಿನ, ಅಮ್ಮನಿಗೆ ಜ್ವರ ಬಂದು ಔಷಧಿ ತರಬೇಕಾದ ದಿನ, ಅಪ್ಪ ಗದ್ದೆಯಲ್ಲಿರುವಾಗ ಡೈರಿಗೆ ಹಾಲು ಹಾಕಬೇಕಾದ ಸಂಜೆ, ಮೊಳೆಯಿಂದ ಕೀಲಿಕೈ ಇಳಿಯುತ್ತದೆ. ಮೊದಲ ಸಲ ಅಪ್ಪನೇ ಇಳಿಸಿಕೊಡುತ್ತಾನೆ. "ಹುಷಾರು, ಮೇನ್ ರೋಡಿಗೆ ಹೋಗಬೇಡ" ಎಂಬ ಒಂದು ಮಾತನ್ನೂ ಜೊತೆಗೆ ಕೊಡುತ್ತಾನೆ. ಎರಡನೆಯ ಸಲ ಆ ಮಾತು ಬೇಕಾಗುವುದಿಲ್ಲ. ಹುಡುಗಿಯರಿಗೆ ೨೦೨೩ರ ಜೂನ್ ತಿಂಗಳಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಟಿಕೆಟ್ಟಿನ ಚಿಂತೆ ತಪ್ಪಿತೇ ಹೊರತು, ಒಳಗಿನ ಹಳ್ಳಿಯಿಂದ ಹೆದ್ದಾರಿಯವರೆಗಿನ ಮೂರು ಮೈಲಿ ಯಾರಿಗೂ ಕಡಿಮೆಯಾಗಲಿಲ್ಲ.

ಈ ರೂಢಿಯ ಮೇಲೆ ೨೦೧೯ರ ಸೆಪ್ಟೆಂಬರ್ ಒಂದರಂದು ಹೊಸ ಪ್ರಕರಣವೊಂದು ಬಂದು ಎರಗಿತು. ೧೯೯ಎ ಎಂಬುದು ಅದರ ಸಂಖ್ಯೆ. ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನೋ ವಾಹನದ ಒಡೆಯನೋ ತಪ್ಪಿತಸ್ಥನೆಂದೇ ಭಾವಿಸಲಾಗುವುದು. ೩ ವರ್ಷದವರೆಗೆ ಸೆರೆಮನೆ, ೨೫,೦೦೦ ರೂಪಾಯಿ ದಂಡ, ವಾಹನದ ನೋಂದಣಿ ೧೨ ತಿಂಗಳ ಕಾಲ ರದ್ದು. ಹುಡುಗನಿಗೆ ಇನ್ನೊಂದು ಶಿಕ್ಷೆ ಪ್ರತ್ಯೇಕವಾಗಿದೆ: ಇಪ್ಪತ್ತೈದು ತುಂಬುವವರೆಗೆ ಅವನಿಗೆ ಲೈಸೆನ್ಸೇ ಇಲ್ಲ. ಎರಡು ವರ್ಷ ಕಾಯಲಾರದವನು ಒಂಬತ್ತು ವರ್ಷ ಕಾಯಬೇಕು. ತನಗೆ ತಿಳಿಯದೆ ನಡೆಯಿತು, ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆ ಎಂದು ತಂದೆ ರುಜುವಾತು ಮಾಡಬಹುದು. ಆದರೆ ರುಜುವಾತಿನ ಭಾರ ಅವನ ಮೇಲೆಯೇ. ಲೈಸೆನ್ಸು ಪಡೆದ ಮಗು, ತನಗೆ ಅನುಮತಿಯಿರುವ ಬಗೆಯ ಗಾಡಿಯನ್ನೇ ನಡೆಸುತ್ತಿದ್ದರೆ ಈ ಪ್ರಕರಣ ತಾಕುವುದಿಲ್ಲವೆಂಬ ರಕ್ಷಣೆಯೂ ಅದರಲ್ಲಿ ಉಂಟು. ಆ ಬಗೆಯ ಗಾಡಿಯೇ ಇಲ್ಲದಿರುವಾಗ ರಕ್ಷಣೆ ಯಾರಿಗೆ? ಶಿವಮೊಗ್ಗವೇ ಮೊದಲಾದ ಊರುಗಳ ನ್ಯಾಯಾಲಯಗಳಲ್ಲಿ ತಂದೆತಾಯಿಗಳು ೨೫,೦೦೦ ರೂಪಾಯಿ ತೆತ್ತು ತಲೆ ತಗ್ಗಿಸಿ ಹೊರಬಂದ ಸುದ್ದಿ ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿದೆ.

ದಂಡವಾದರೂ ಒಂದು ಬೆಳೆಯ ಲಾಭದಲ್ಲಿ ತೀರೀತು. ತೀರದಿರುವುದು ಇನ್ನೊಂದು. ೨೦೧೧ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ತೀರ್ಮಾನವಾಯಿತು. ಹದಿನೇಳು ವರ್ಷದ ಹುಡುಗನೊಬ್ಬ ನೆಂಟರ ಮನೆಯಿಂದ ಮೋಟಾರು ಸೈಕಲ್ಲಿನ ಕೀಲಿಕೈ ತೆಗೆದುಕೊಂಡು ಹೋಗಿದ್ದ. ಡಿಕ್ಕಿಯಲ್ಲಿ ಒಬ್ಬ ಗೃಹಸ್ಥನ ಪ್ರಾಣ ಹೋಯಿತು. ತನಗೆ ಹೇಳದೆ ಕೀಲಿಕೈ ಒಯ್ದರು ಎಂದು ಒಡೆಯನು ವಾದಿಸಿದ. ಸತ್ತವನ ಹೆಂಡತಿ ಮಕ್ಕಳಿಗೆ ವಿಮಾ ಕಂಪನಿ ಪರಿಹಾರ ಕೊಟ್ಟು, ಆ ಹಣವನ್ನೆಲ್ಲ ಗಾಡಿಯ ಒಡೆಯನಿಂದ ವಸೂಲು ಮಾಡಿಕೊಳ್ಳಬಹುದೆಂಬ ಕೆಳಗಿನ ತೀರ್ಪನ್ನೇ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಪರಿಹಾರದ ಮೊತ್ತ ಲಕ್ಷಗಳಲ್ಲಿರುತ್ತದೆ. ಎರಡೆಕರೆ ಗದ್ದೆಯ ಸಂಸಾರದಲ್ಲಿ ಅದು ಗದ್ದೆಯ ಬೆಲೆ. ವಿಮೆಯ ಕಂತನ್ನು ವರ್ಷ ವರ್ಷವೂ ತಪ್ಪದೆ ಕಟ್ಟಿದ ಅಪ್ಪನಿಗೆ, ಮಗನ ವಯಸ್ಸಿನ ಒಂದೇ ಕಾರಣದಿಂದ ಆ ಕಾಗದ ಬರಿಯ ಕಾಗದವಾಗುತ್ತದೆ. ಮೊಳೆಗೆ ಕೀಲಿಕೈ ತೂಗುಹಾಕುವವರಿಗೆ ಇದನ್ನು ತಿಳಿಸಿ ಹೇಳುವವರು ಯಾರೂ ಇಲ್ಲ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರ ಸಂಖ್ಯೆ ೧,೬೮,೪೯೧ ಎಂದು ಕೇಂದ್ರ ಸಾರಿಗೆ ಸಚಿವಾಲಯ ಲೆಕ್ಕ ಕೊಟ್ಟಿದೆ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ಎರಡು ಚಕ್ರದ ಗಾಡಿಗಳ ಮೇಲಿದ್ದವರು.

ಹಾಗಾದರೆ ಹೊರದೇಶದ ಮಕ್ಕಳು ಗಾಡಿ ಏರುವುದೇ ಇಲ್ಲವೇ? ಏರುತ್ತಾರೆ, ಇನ್ನೂ ಬೇಗ ಏರುತ್ತಾರೆ. ಇಟಲಿ, ಫ್ರಾನ್ಸುಗಳಲ್ಲಿ ಹದಿನಾಲ್ಕಕ್ಕೆ, ಸ್ವೀಡನ್, ಫಿನ್ಲೆಂಡುಗಳಲ್ಲಿ ಹದಿನೈದಕ್ಕೆ, ಬ್ರಿಟನ್ನು ಮತ್ತು ನೆದರ್ಲೆಂಡಿನಲ್ಲಿ ಹದಿನಾರಕ್ಕೆ ಮೊಪೆಡ್ಡಿನ ಲೈಸೆನ್ಸು ದೊರೆಯುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಇದಕ್ಕೆ 'ಎ.ಎಂ.' ಎಂಬ ಪ್ರತ್ಯೇಕ ವರ್ಗವೇ ಇದೆ. ೫೦ ಸಿ.ಸಿ. ಮೀರಬಾರದು, ವೇಗ ಗಂಟೆಗೆ ೪೫ ಕಿಲೋಮೀಟರ್ ಮೀರಬಾರದು. ಆ ಅಳತೆಯ ಗಾಡಿಗಳು ಅಲ್ಲಿ ಇಂದಿಗೂ ತಯಾರಾಗುತ್ತವೆ. ವಿದ್ಯುತ್ತಿನಿಂದ ಓಡುವಂಥವೂ ಅದೇ ವರ್ಗದಲ್ಲಿ ಸೇರುತ್ತವೆ. ಸಲಿಗೆಯ ಜೊತೆಗೆ ಶಿಸ್ತೂ ಇದೆ. ಜರ್ಮನಿಯಲ್ಲಿ ಲೈಸೆನ್ಸು ಬೇಡುವ ಹುಡುಗ ಪ್ರಥಮ ಚಿಕಿತ್ಸೆಯ ಪಾಠವನ್ನು ಮುಗಿಸಿರಬೇಕು. ಅಲ್ಲಿ ಮೊಪೆಡ್ಡಿಗೆ ಅಂಟಿಸುವ ವಿಮೆಯ ಫಲಕದ ಬಣ್ಣ ಪ್ರತಿ ಮಾರ್ಚ್ ಒಂದರಂದು ಬದಲಾಗುತ್ತದೆ: ಒಂದು ವರ್ಷ ಕಪ್ಪು, ಮರುವರ್ಷ ನೀಲಿ, ಅದರ ಮರುವರ್ಷ ಹಸುರು. ವಿಮೆ ಕಟ್ಟದವನ ಗಾಡಿಯನ್ನು ಪೊಲೀಸಿನವನು ದೂರದಿಂದಲೇ ಬಣ್ಣ ನೋಡಿ ಗುರುತಿಸುತ್ತಾನೆ. ಬ್ರಿಟನ್ನಿನಲ್ಲಿ ೧೯೯೦ರಿಂದ ಕಡ್ಡಾಯ ತರಬೇತಿಯೊಂದನ್ನು ಮುಗಿಸದೆ ರಸ್ತೆಗಿಳಿಯುವಂತಿಲ್ಲ. ಇಟಲಿಯ ಹುಡುಗರು ಶಿರಸ್ತ್ರಾಣವಿಲ್ಲದೆ ಕೂದಲು ಹಾರಿಸಿಕೊಂಡು ಹೋಗುತ್ತಿದ್ದ ಕಾಲವೂ ಇತ್ತು. ೧೯೮೬ರಲ್ಲಿ ಎಳೆಯರಿಗೆ, ೨೦೦೦ದಲ್ಲಿ ಮೊಪೆಡ್ ಏರುವ ಎಲ್ಲರಿಗೂ ಅದು ಕಡ್ಡಾಯವಾಯಿತು.

ಇಲ್ಲೊಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಭೇರ್ಯದ ಮನೆಯ ಮಗಳು ಮದುವೆಯಾಗಿ ಮ್ಯೂನಿಕ್ ನಗರದಲ್ಲಿ ನೆಲೆಸಿದ್ದಾಳೆ. ಇಂದು ಇಂಥ ಸಂಸಾರಗಳಿಗೆ ಬರವಿಲ್ಲ. ಜರ್ಮನಿ ೨೦೨೧ರಲ್ಲಿ ವಯಸ್ಸಿನ ಮಿತಿಯನ್ನು ಹದಿನೈದಕ್ಕೆ ಇಳಿಸಿದ್ದರಿಂದ ಅವಳ ಮಗಳು ಹದಿನೈದಕ್ಕೇ ಮೊಪೆಡ್ಡಿನ ಲೈಸೆನ್ಸು ಪಡೆದಳೆನ್ನೋಣ. ದಿನವೂ ಶಾಲೆಗೆ ಅದರಲ್ಲೇ ಹೋಗುತ್ತಾಳೆ. ಒಂದು ಭಾನುವಾರ ಗಡಿಯಾಚೆಗೆ ಸವಾರಿ ಹೋಗಬೇಕೆನಿಸಿದರೆ? ಒಕ್ಕೂಟದ ನಿಯಮ ಅವಳನ್ನು ತಡೆದು ನಿಲ್ಲಿಸುತ್ತದೆ. ಹದಿನಾರಕ್ಕೆ ಮುಂಚೆ ಒಂದು ದೇಶ ಕೊಟ್ಟ ಮೊಪೆಡ್ಡಿನ ಲೈಸೆನ್ಸು, ಹದಿನಾರು ತುಂಬುವವರೆಗೆ ಆ ದೇಶದೊಳಗೆ ಮಾತ್ರ ಸಲ್ಲುತ್ತದೆ. ಒಪ್ಪಿಕೊಳ್ಳುವುದು ಬಿಡುವುದು ನೆರೆಯ ದೇಶದ ಇಷ್ಟ. ಒಂದೇ ನಾಣ್ಯ ಚಲಾವಣೆಯಲ್ಲಿರುವ ಗಡಿಯಲ್ಲಿ ಒಂದೇ ವಯಸ್ಸು ಚಲಾವಣೆಯಲ್ಲಿಲ್ಲ!

ಹದಿನಾರು ತುಂಬಿದ ಮೇಲೆ ಆಗಸ್ಟಿನ ರಜೆಗೆ ಅವಳು ಅಜ್ಜನ ಮನೆಗೆ ಬರುತ್ತಾಳೆ. ಮೊಳೆಯಲ್ಲಿ ಕೀಲಿಕೈ. ಅವಳ ಪಾಲಿಗೆ ಎಕ್ಸೆಲ್ಲು ಹೊಸದೇನಲ್ಲ, ಗೇರಿಲ್ಲ, ಕ್ಲಚ್ಚಿಲ್ಲ. ಒಂದು ವರ್ಷ ನಿಯಮಬದ್ಧವಾಗಿ ಓಡಿಸಿ ಪಳಗಿದವಳು. ಆದರೂ ಆ ಗಾಡಿಯನ್ನು ಬೀದಿಗಿಳಿಸಿದರೆ ಅಜ್ಜ ೧೯೯ಎ ಪ್ರಕರಣಕ್ಕೆ ಗುರಿಯಾಗುತ್ತಾನೆ. ಸೋದರಮಾವನ ಮಗ, ಹುಟ್ಟಿದಾರಭ್ಯ ಆ ಗಾಡಿಯ ಮುಂದಿನ ಹಲಗೆಯ ಮೇಲೆ ನಿಂತು ಬೆಳೆದವನು, ಅವನೂ ಅಷ್ಟೆ. ಒಬ್ಬಳಿಗೆ ಲೈಸೆನ್ಸಿದೆ, ಗಾಡಿ ಹೊಂದುವುದಿಲ್ಲ. ಇನ್ನೊಬ್ಬನಿಗೆ ಗಾಡಿಯಿದೆ, ಲೈಸೆನ್ಸು ಹೊಂದುವುದಿಲ್ಲ.

ಈ ಹುಡುಗ ಅತ್ತೆಯ ಊರಿಗೆ ಹೋದನೆಂದುಕೊಳ್ಳಿ. ಎಲ್ಲಿಯೋ ಹಳೆಯ ೫೦ ಸಿ.ಸಿ. ಗಾಡಿಯೊಂದನ್ನು ಹುಡುಕಿ ಹುಣಸೂರಿನಲ್ಲಿ ಲೈಸೆನ್ಸನ್ನೂ ಸಂಪಾದಿಸಿಕೊಂಡಿದ್ದಾನೆ ಎಂದೂ ಭಾವಿಸೋಣ. ದೇಶದೇಶಗಳ ನಡುವಣ ಸವಾರಿಗೆ ತಳಹದಿಯಾದ ಒಪ್ಪಂದಗಳಲ್ಲಿ ಜಿನೀವಾದಲ್ಲಿ ೧೯೪೯ರಲ್ಲಿ ಆದದ್ದು ಭಾರತಕ್ಕೆ ಮುಖ್ಯವಾದದ್ದು. ೧೯೬೨ರಲ್ಲಿ ಭಾರತ ಅದನ್ನು ಸ್ಥಿರೀಕರಿಸಿತು. ವಿದೇಶಕ್ಕೆ ಹೋಗುವವರು ಇಲ್ಲಿಯ ಸಾರಿಗೆ ಕಚೇರಿಯಿಂದ ಪಡೆಯುವ, ಒಂದು ವರ್ಷ ಬಾಳುವ ಅಂತರರಾಷ್ಟ್ರೀಯ ಪರವಾನಿಗೆ ಆ ಒಪ್ಪಂದದ ಕೂಸು. ಅದರ ಎಂಟನೆಯ ಅನುಬಂಧ ಸಣ್ಣದಾದರೂ ಖಚಿತವಾಗಿದೆ. ಪರದೇಶದಲ್ಲಿ ಮೋಟಾರು ವಾಹನ ನಡೆಸಲು ಕನಿಷ್ಠ ವಯಸ್ಸು ಹದಿನೆಂಟು. ಅದಕ್ಕಿಂತ ಕಿರಿಯರಾದ ಮೋಟಾರು ಸೈಕಲ್ ಸವಾರರ ಲೈಸೆನ್ಸನ್ನು ಯಾವ ದೇಶವಾದರೂ ಮನಸ್ಸಿದ್ದರೆ ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ. ಅದೇ ಒಪ್ಪಂದದ ಮೊದಲನೆಯ ಅನುಬಂಧದಲ್ಲಿ ಮಾತ್ರ ಒಂದು ಸ್ವಾರಸ್ಯವಿದೆ. ೫೦ ಸಿ.ಸಿ. ಮೀರದ ಸಹಾಯಕ ಎಂಜಿನ್ನನ್ನು ಹೊಂದಿದ್ದು, ರಚನೆಯಲ್ಲಿ ಸೈಕಲ್ಲಿನ ಲಕ್ಷಣಗಳನ್ನೆಲ್ಲ ಉಳಿಸಿಕೊಂಡ ಗಾಡಿಯನ್ನು ಮೋಟಾರು ವಾಹನವೆಂದೇ ಎಣಿಸಬೇಕಾಗಿಲ್ಲ. ಸೋಲೆಕ್ಸ್ ಗಾಡಿಯ ಕಾಲದಲ್ಲಿ ಬರೆದ ಮಾತು. ಆ ಕಾಲದ ಹುಡುಗರು ಈ ಸಂದಿಯಲ್ಲಿ ನುಸುಳಿ ಎಷ್ಟು ಗಡಿ ದಾಟಿದರೋ!

ವಯಸ್ಸೊಂದು ಬಂದುಬಿಟ್ಟರೆ ಹಾದಿ ಎಷ್ಟು ಹಿಗ್ಗುತ್ತದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. ೨೦೧೮ರಲ್ಲಿ ಕ್ಯಾಂಡಿಡಾ ಲೂಯಿಸ್ ಎಂಬ ತರುಣಿ ಬೆಂಗಳೂರಿನಿಂದ ಆಸ್ಟ್ರೇಲಿಯಾದ ಸಿಡ್ನಿಯವರೆಗೆ ಮೋಟಾರು ಸೈಕಲ್ಲಿನ ಮೇಲೆ ಹೋದರು. ಇಂಥ ಯಾತ್ರೆಯಲ್ಲಿ ಸವಾರನಿಗೆ ಪಾಸ್‌ಪೋರ್ಟಿರುವಂತೆ ಗಾಡಿಗೂ 'ಕಾರ್ನೆ' ಎಂಬ ರಹದಾರಿ ಬೇಕಾಗುತ್ತದೆ; ಗಾಡಿಯನ್ನು ಆ ದೇಶದಲ್ಲಿಯೇ ಮಾರಿ ಬರುವುದಿಲ್ಲವೆಂಬುದಕ್ಕೆ ಅದು ಜಾಮೀನು. ಸಿಡ್ನಿಯ ದಾರಿಗೆ ಕಾಗದಪತ್ರಗಳ ವ್ಯವಸ್ಥೆಯಿದೆ. ಭೇರ್ಯದಿಂದ ಡೈರಿಯವರೆಗಿನ ದಾರಿಗೇ ಇಲ್ಲದಿರುವುದು.

ಹಾಗೆಂದು ವಯಸ್ಸನ್ನು ಇಳಿಸಿ, ನೂರು ಸಿ.ಸಿ.ಯನ್ನು ಮಕ್ಕಳ ಕೈಗೆ ಕೊಡಬೇಕೆಂದು ವಾದಿಸುವುದು ಸಾಹಸವಾದೀತು. ಕಬ್ಬಿನ ಲಾರಿಗಳೂ ವೇಗದ ಬಸ್ಸುಗಳೂ ಓಡಾಡುವ ಆ ಹೆದ್ದಾರಿಯನ್ನು ಕಂಡವರು ಹಾಗೆ ಹೇಳಲಾರರು. ಆದರೆ ಕಾನೂನಿನ ಪುಸ್ತಕ ಒಂದು ವಯಸ್ಸಿಗೆ ಒಂದು ಹಕ್ಕನ್ನು ಕೊಟ್ಟ ಮೇಲೆ, ಆ ಹಕ್ಕನ್ನು ಸುರಕ್ಷಿತವಾಗಿ ಚಲಾಯಿಸುವ ಸಾಧನ ಎಲ್ಲಿಯಾದರೂ ಇರಬೇಡವೇ? ಈಗಿರುವ ಸಾಧನದ ಸ್ಥಿತಿ ಇನ್ನೂ ತಮಾಷೆಯದು. ಕಾಲು ಕಿಲೋವಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ ೨೫ ಕಿಲೋಮೀಟರಿಗಿಂತ ಕಡಿಮೆ ವೇಗದ ವಿದ್ಯುತ್ ಗಾಡಿಯನ್ನು ನಮ್ಮ ನಿಯಮಗಳು ಮೋಟಾರು ವಾಹನವೆಂದೇ ಗಣಿಸುವುದಿಲ್ಲ. ಅದಕ್ಕೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಎಂದರೆ, ಏನನ್ನೂ ಕಲಿಯದ ಮಗು ಅದನ್ನೇರಿ ಹೆದ್ದಾರಿಗೆ ಬರಬಹುದು. ಕಲಿತು ಪರೀಕ್ಷೆ ಕೊಡಲು ಸಿದ್ಧವಾದ ಮಗುವಿಗೆ ಮಾತ್ರ ಗಾಡಿಯಿಲ್ಲ. ೨೦೨೪ರ ಫೆಬ್ರವರಿಯಲ್ಲಿ ಹಳೆಯ ಲೂನಾವೇ ವಿದ್ಯುತ್ತಿನ ಅವತಾರವೆತ್ತಿ 'ಇ-ಲೂನಾ' ಆಗಿ ಬಂದಾಗ ಕೆಲವರಿಗೆ ಆಸೆ ಮೂಡಿತ್ತು. ನೋಂದಣಿ, ಲೈಸೆನ್ಸು ಎರಡೂ ಬೇಕಾಗುವ ಗಾಡಿ ಅದು. ಸಿ.ಸಿ.ಗಳಲ್ಲಿ ಅಳೆಯುವ ಕಾನೂನಿಗೆ ಎಂಜಿನ್ನೇ ಇಲ್ಲದ ಈ ಗಾಡಿ ಎಲ್ಲಿ ಸಿಕ್ಕೀತು?

ಭೇರ್ಯದಲ್ಲಿ ಸಂಜೆಯಾಗುತ್ತದೆ. ಡೈರಿಯ ಬಾಗಿಲಲ್ಲಿ ಸಾಲು ಬೆಳೆಯುತ್ತದೆ. ೨೦೦೬-೦೭ರಲ್ಲಿ ಆರಂಭವಾಗಿ ಹಲವು ವರ್ಷ ನಡೆದು ನಿಂತುಹೋದ ಯೋಜನೆಯಲ್ಲಿ, ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಹಂಚಿದ ಸೈಕಲ್ಲುಗಳು ಆ ಸೀಮೆಯ ಮನೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಅಕ್ಕನಿಗೆ ಬಂದದ್ದನ್ನು ತಮ್ಮ ತುಳಿಯುತ್ತಾನೆ. ಬೆಲ್ಲು ಹೋಗಿದೆ, ಮುಂದಿನ ಬುಟ್ಟಿ ಸೊಟ್ಟಗಾಗಿದೆ. ಹಾಲಿನ ಕ್ಯಾನಿಗೆ ಹ್ಯಾಂಡಲಿನಲ್ಲಿ ಜಾಗ ಇದೆ. ಗದ್ದೆಯಿಂದ ಬಂದ ಅಪ್ಪ ಎಕ್ಸೆಲ್ಲನ್ನು ಜಗಲಿಗೆ ಒರಗಿಸಿ, ಕೈಕಾಲು ತೊಳೆದು, ಕೀಲಿಕೈಯನ್ನು ಮೊಳೆಗೆ ಹಾಕುವ ಮುನ್ನ ಒಂದು ಗಳಿಗೆ ಮಗನ ಮುಖ ನೋಡುತ್ತಾನೆ. ಹದಿನೆಂಟಕ್ಕೆ ಇನ್ನೂ ಒಂದು ವರ್ಷ ಏಳು ತಿಂಗಳು. ಹುಡುಗ ಸೈಕಲ್ಲಿನ ಸ್ಟ್ಯಾಂಡನ್ನು ಒದ್ದು, ಹಾಲು ತುಳುಕದಂತೆ ಮೆಲ್ಲನೆ ಬೀದಿಗಿಳಿಯುತ್ತಾನೆ.